ನನ್ನ ಮೊಣಕೈಯ ಅಫಿಡವಿಟ್

ನನ್ನ ಬೌಲಿಂಗ್ ಮೇಲೆ ಅಂಪೈರುಗಳು ವರದಿ ಬರೆದಿದ್ದಾರೆಂದು ನನಗೆ ತಿಳಿದದ್ದು ಪಂದ್ಯ ಮುಗಿದ ಮಾರನೆಯ ಬೆಳಿಗ್ಗೆ, ಹೋಟೆಲಿನಲ್ಲಿ ತಿಂಡಿಗೆ ಕೂತಾಗ. ತಂಡದ ಮ್ಯಾನೇಜರ್ ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಸಾಮಾನ್ಯವಾಗಿ ಅವರು ನಿಂತೇ ಮಾತಾಡುವವರು. ಒಂದು ಹಾಳೆಯನ್ನು ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿ ಇಟ್ಟರು. ಚೆಂಡು ಬಿಡುವಾಗ ನನ್ನ ಬಲಗೈ ನಿಯಮಕ್ಕಿಂತ ಹೆಚ್ಚು ನೆಟ್ಟಗಾಗುತ್ತಿದೆ ಎಂಬ ಅನುಮಾನವಿದೆ, ಪರೀಕ್ಷೆ ಆಗಬೇಕು ಎಂದು ಅದರಲ್ಲಿ ಬರೆದಿತ್ತು. ಬರೆದವರು ಇಬ್ಬರು. ಅವರಲ್ಲೊಬ್ಬರು ಹಿಂದಿನ ಸಂಜೆ ನನ್ನ ಟೋಪಿ ವಾಪಸು ಕೊಡುತ್ತಾ ಚೆನ್ನಾಗಿ ಹಾಕಿದೆಯಮ್ಮ ಎಂದಿದ್ದರು.

ಕ್ರಿಕೆಟ್ ನೋಡದವರಿಗಾಗಿ ಇಷ್ಟು ಹೇಳಬೇಕು. ಬೌಲ್ ಮಾಡುವಾಗ ಕೈ ಡೊಂಕಾಗಿದ್ದರೆ ತಪ್ಪಲ್ಲ. ಡೊಂಕಾಗಿದ್ದ ಕೈ ಚೆಂಡು ಬಿಡುವ ಹೊತ್ತಿಗೆ ಮಿತಿ ಮೀರಿ ನೆಟ್ಟಗಾದರೆ ತಪ್ಪು. ಅದನ್ನು ಬೌಲಿಂಗ್ ಅನ್ನುವುದಿಲ್ಲ, ಥ್ರೋ ಅನ್ನುತ್ತಾರೆ, ಅಂದರೆ ಕಲ್ಲಿನ ಹಾಗೆ ಎಸೆಯುವುದು. ನನ್ನ ಬಲಗೈ ಮೊಣಕೈಯ ಹತ್ತಿರ ಯಾವಾಗಲೂ ಸ್ವಲ್ಪ ಡೊಂಕು. ಪೂರ್ತಿ ಚಾಚಿದರೂ ಕುಡುಗೋಲಿನ ಅಲಗಿನ ಹಾಗೆ ಕಾಣುತ್ತದೆ. ಹಳೇಬೀಡಿನ ಶಾಲೆಯ ಮೈದಾನದಲ್ಲಿ ಹುಡುಗರ ಜೊತೆ ಟೆನಿಸ್ ಚೆಂಡಿನಲ್ಲಿ ಆಡುವಾಗಲೇ ಆ ಡೊಂಕಿನಿಂದ ಚೆಂಡು ಗಾಳಿಯಲ್ಲಿ ಹೊರಗೆ ಸರಿದು, ನೆಲ ಮುಟ್ಟಿದ ಮೇಲೆ ಒಳಕ್ಕೆ ನುಗ್ಗುತ್ತಿತ್ತು. ಅರಸೀಕೆರೆಯಿಂದ ರೈಲು ಹತ್ತಿ ಬೆಂಗಳೂರಿನ ಆಯ್ಕೆ ಶಿಬಿರಕ್ಕೆ ಹೋದದ್ದು, ರಾಜ್ಯ ತಂಡಕ್ಕೆ ಆಡಿದ್ದು, ಕೊನೆಗೆ ಇಂಡಿಯಾದ ಅಂಗಿ ತೊಟ್ಟದ್ದು ಎಲ್ಲ ಆ ಆಫ್ ಸ್ಪಿನ್ನಿನಿಂದ. ಟಿವಿಯಲ್ಲಿ ವೀಕ್ಷಕ ವಿವರಣೆ ಕೊಡುವವರು ಅದನ್ನು ಹುಟ್ಟಿನಿಂದ ಬಂದ ವರ ಅನ್ನುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ.

ಪರೀಕ್ಷೆಗೆ ಮೊದಲು ಒಂದು ಎಕ್ಸ್‌ರೇ ತೆಗೆದರು. ಮೂಳೆ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ಮೊಣಕೈಯ ಮೇಲ್ಗಡೆ ಹಳೆಯ ಮುರಿತ ಇದೆಯಲ್ಲ, ಯಾವಾಗ ಆದದ್ದು ಎಂದು ಕೇಳಿದರು. ಮುರಿದಿಲ್ಲ ಸಾರ್, ಹುಟ್ಟಿನಿಂದಲೇ ಹೀಗೆ ಎಂದೆ. ಅವರು ಮತ್ತೆ ನೋಡಿದರು. ಬಹಳ ಚಿಕ್ಕಂದಿನಲ್ಲಿ ಮುರಿದು, ಕೂಡಿಕೊಂಡು, ಬೆಳೆಯುತ್ತ ಬೆಳೆಯುತ್ತ ಡೊಂಕಾದಂತಿದೆ, ಆದರೆ ಯಾವ ವಯಸ್ಸಿನಲ್ಲಿ ಎಂದು ಫಿಲ್ಮ್ ನೋಡಿ ಹೇಳಲಾಗುವುದಿಲ್ಲ ಎಂದರು. ಅದನ್ನೇ ಬರೆದುಕೊಂಡರು.

ಕಷ್ಟ ಶುರುವಾದದ್ದು ಅಲ್ಲಿಂದ. ಮೊದಲ ರಾಷ್ಟ್ರೀಯ ಶಿಬಿರದಲ್ಲಿ ನಾನು ತುಂಬಿದ್ದ ವೈದ್ಯಕೀಯ ಫಾರಂ ಕಡತದಲ್ಲಿತ್ತು. ಹಿಂದೆ ಮೂಳೆ ಮುರಿದದ್ದುಂಟೇ ಎಂಬ ಪ್ರಶ್ನೆಗೆ ಇಲ್ಲ ಎಂದೂ, ಮೊಣಕೈ ಬಗ್ಗೆ ಹುಟ್ಟಿನಿಂದಲೇ ಎಂದೂ ನನ್ನ ಕೈಬರಹದಲ್ಲೇ ಇತ್ತು. ಈಗ ನನ್ನ ಮೇಲೆ ಎರಡು ಅನುಮಾನ. ಎಸೆಯುತ್ತೇನೆಯೇ ಎಂಬುದು ಒಂದು, ಗಾಯ ಮುಚ್ಚಿಟ್ಟು ತಂಡಕ್ಕೆ ಸೇರಿದೆನೇ ಎಂಬುದು ಇನ್ನೊಂದು. ಮೊದಲನೆಯದನ್ನು ಕ್ಯಾಮೆರಾಗಳು ತೀರ್ಮಾನಿಸುತ್ತವೆ. ಎರಡನೆಯದಕ್ಕೆ, ಮುರಿದಾಗ ಜೊತೆಗಿದ್ದವರು ಅಫಿಡವಿಟ್ ಮಾಡಿ ಕೊಡಬೇಕು ಎಂದು ಮ್ಯಾನೇಜರ್ ಹೇಳಿದರು. ಬೇಕೆಂದೇ ಸುಳ್ಳು ಬರೆದದ್ದು ಎಂದಾದರೆ ಮುಂದಿನ ಪ್ರವಾಸಕ್ಕೆ ನನ್ನ ಹೆಸರಿಲ್ಲ. ಇಪ್ಪತ್ತೇಳು ದಾಟಿದ ಸ್ಪಿನ್ನರ್ ಆ ಕಾರಣಕ್ಕೆ ಹೊರಗೆ ಹೋದರೆ ಮತ್ತೆ ಒಳಗೆ ಬರುವುದಿಲ್ಲ. ಅದನ್ನು ಅವರು ಹೇಳಲಿಲ್ಲ, ನನಗೆ ಗೊತ್ತಿತ್ತು.

ಆ ಎರಡು ದಿನ ನಾನು ಯಾರನ್ನೂ ನಂಬಲಿಲ್ಲ. ರೂಮಿನ ಜೊತೆಗಾತಿ ನೆಟ್ಸ್‌ನಲ್ಲಿ ನನ್ನ ಬೌಲಿಂಗನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದಳು, ನಾನೇ ಹಿಡಿ ಎಂದಿದ್ದೆ. ಈಗ ಅವಳು ಆ ವಿಡಿಯೋ ಯಾರಿಗೆ ಕಳಿಸಿರಬಹುದು ಎಂದು ಲೆಕ್ಕ ಹಾಕಿದೆ. ಕ್ಯಾಪ್ಟನ್ ಕಳೆದ ಮೂರು ಪಂದ್ಯಗಳಲ್ಲಿ ನನ್ನನ್ನು ತಡವಾಗಿ ಬೌಲಿಂಗಿಗೆ ಕರೆದದ್ದು ನೆನಪಾಯಿತು. ಊಟದ ಮೇಜಿನಲ್ಲಿ ನಾನು ನೀರಿನ ಲೋಟಕ್ಕೆ ಕೈ ಚಾಚಿದರೆ ಎಲ್ಲರ ಕಣ್ಣೂ ಮೊಣಕೈಯ ಮೇಲೆ ಬೀಳುತ್ತಿದ್ದಂತೆ ಅನಿಸಿತು. ಎಡಗೈಯಲ್ಲಿ ಲೋಟ ಎತ್ತಲು ಶುರುಮಾಡಿದೆ.

ಇದೆಲ್ಲದರ ಕೆಳಗೆ ಇನ್ನೊಂದು ನೆನಪು ಕೂತಿತ್ತು. ಆ ಫಾರಂ ತುಂಬುವ ಮೊದಲು ನಾನು ಅಮ್ಮನಿಗೆ ಫೋನ್ ಮಾಡಿದ್ದೆ. ಕೈ ಬಗ್ಗೆ ಏನು ಬರೆಯಲಿ ಎಂದು ಕೇಳಿದ್ದೆ. ಅಮ್ಮ ತಡವರಿಸದೆ ಹೇಳಿದ್ದಳು, "ಹುಟ್ತಾನೇ ಹಂಗೆ ಅಂತ ಬರಿ. ಬೇರೆ ಏನೂ ಬರೀಬೇಡ." ಬೇರೆ ಏನೂ ಬರೀಬೇಡ ಎಂದು ಯಾಕೆ ಹೇಳಿದಳು ಎಂದು ಆಗ ನಾನು ಯೋಚಿಸಿರಲಿಲ್ಲ.

ಅರಸೀಕೆರೆಯಲ್ಲಿ ರೈಲು ಇಳಿದು, ಬಸ್ಸು ಹಿಡಿದು ಮನೆ ಸೇರುವಾಗ ಮಧ್ಯಾಹ್ನ. ಅಪ್ಪ ಕೊಬ್ಬರಿ ವ್ಯಾಪಾರಕ್ಕೆಂದು ಅರಸೀಕೆರೆಯಲ್ಲೇ ಇದ್ದರು. ಅಜ್ಜಿ, ಅಪ್ಪನ ತಾಯಿ, ಮೊರದಲ್ಲಿ ಅವರೆಕಾಳು ಹರಡಿಕೊಂಡು ಹುಳು ನೋಡುತ್ತಿದ್ದಳು. ಅಮ್ಮ ಹಿತ್ತಲ ಬಾಗಿಲಲ್ಲಿ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದಳು. ನಾನು ಚೀಲ ಇಳಿಸಿ, ಎಕ್ಸ್‌ರೇ ತೆಗೆದು, ಅದೇ ಬಾಗಿಲ ಬೆಳಕಿಗೆ ಹಿಡಿದೆ. ಮುರಿದ ಗೆರೆಯನ್ನು ಬೆರಳಲ್ಲಿ ತೋರಿಸಿದೆ.

ಇದೇನು ಎಂದು ಅಮ್ಮ ಕೇಳಲಿಲ್ಲ. ಅದನ್ನು ಇಲ್ಲಿ ಖಚಿತವಾಗಿ ಬರೆಯುತ್ತಿದ್ದೇನೆ. ಅವಳು ಕೇಳಿದ್ದು, "ಇದನ್ನ ಯಾರ್ಯಾರು ನೋಡಿದ್ದಾರೆ?"

ನಾನು ಎಲ್ಲ ಹೇಳಿದೆ. ಅವಳು ನೀರು ಸೋಸುವುದನ್ನು ಮುಗಿಸಿ, ಬಟ್ಟೆಯನ್ನು ತಿರುವಿ ಹಾಕಿ, ಒಳಗೆ ಹೋದಳು.

ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಊಟ. ಆ ಸಂಜೆ ಮೂವರೂ ಎಲೆ ಮುಂದೆ ಕೂತಿದ್ದಾಗ ಅಮ್ಮ ಅಜ್ಜಿಯ ಕಡೆ ತಿರುಗಿ, ಅನ್ನ ಕಲಸುವುದನ್ನು ನಿಲ್ಲಿಸಿ ಹೇಳಿದಳು. ನಾನು ಎರಡು ತಿಂಗಳ ಕೂಸಾಗಿದ್ದಾಗ, ಅವಳ ತವರು ಹಾರನಹಳ್ಳಿಯಲ್ಲಿ ಬಾಣಂತನ ನಡೆಯುತ್ತಿದ್ದಾಗ, ಎಣ್ಣೆನೀರು ಹಾಕುವವಳು ಕೈ ಎಳೆದು ಹೀಗಾಯಿತು. ಪಕ್ಕದ ಹಳ್ಳಿಯಲ್ಲಿ ಮೂಳೆಗೆ ಕಟ್ಟು ಹಾಕುವ ಮುದುಕನೊಬ್ಬನಿದ್ದ. ಅಲ್ಲಿಗೆ ಎತ್ತಿಕೊಂಡು ಹೋದರು. ಅವನು ಬಿದಿರ ದಬ್ಬೆ ಇಟ್ಟು, ಮೊಟ್ಟೆಯ ಲೋಳೆಯಲ್ಲಿ ಬಟ್ಟೆ ಅದ್ದಿ ಸುತ್ತಿದ. ಬೇಡ ಎನ್ನಲು ಅಮ್ಮನಿಗೆ ಧೈರ್ಯ ಬರಲಿಲ್ಲ. ಕಟ್ಟು ಬಿಚ್ಚುವವರೆಗೂ ಆ ವಾಸನೆಯ ಕೂಸನ್ನು ಮಡಿಲಲ್ಲಿಟ್ಟುಕೊಂಡೇ ದಿನ ಕಳೆದಳು. ಐದನೇ ತಿಂಗಳಲ್ಲಿ ಹಳೇಬೀಡಿಗೆ ಕರೆತಂದಾಗ ಯಾರಿಗೂ ಹೇಳಲಿಲ್ಲ. ಎಳೆಗೂಸಿನ ಕೈ ಯಾವಾಗಲೂ ಮಡಿಸಿಯೇ ಇರುತ್ತದೆ, ಯಾರೂ ಕೇಳಲಿಲ್ಲ. ಡೊಂಕು ಎದ್ದು ಕಂಡದ್ದು ನಾನು ನಡೆಯಲು ಕಲಿತ ಮೇಲೆ. ಆಗ ಹುಟ್ಟುತ್ತಲೇ ಹಾಗೆ ಎಂದುಬಿಟ್ಟಳು.

ಅಜ್ಜಿ ಎಲೆಯಿಂದ ಕೈ ತೆಗೆದಳು. ಗೆಡ್ಡೆಗೆಣಸು ತಿನ್ನದ, ಸೋಸದ ನೀರು ಮುಟ್ಟದ ಮುದುಕಿ ಅವಳು. ಬಹಳ ಹೊತ್ತು ನನ್ನ ಮೊಣಕೈಯನ್ನೇ ನೋಡಿ ಅಮ್ಮನಿಗೆ ಹೇಳಿದಳು, "ಮೊಟ್ಟೆ ಸುತ್ತಿದ್ಮೇಲೂ ಡೊಂಕಾಗೇ ಉಳೀತಲ್ಲೇ. ಆ ಪಾಪ ಆದ್ರೂ ಯಾಕೆ ಕಟ್ಕೊಂಡೆ?"

ಅಮ್ಮ ನಕ್ಕಳು. ಅಜ್ಜಿ ನಗಲಿಲ್ಲ. ಮಾರನೆಯ ದಿನದಿಂದ ಮೂರು ದಿನ ಒಪ್ಪೊತ್ತು ಮಾಡುವುದಾಗಿ ಹೇಳಿ, ಸೊಸೆಯೂ ಮಾಡಬೇಕೆಂದು ಕಟ್ಟಳೆ ಹಾಕಿ, ಕೈ ತೊಳೆಯಲು ಎದ್ದಳು.

ನನಗೆ ಹಗುರವಾಗಬೇಕಿತ್ತು. ಮುಚ್ಚಿಟ್ಟದ್ದು ಏನು, ಯಾಕೆ ಎಂಬುದು ಸಿಕ್ಕಿತ್ತು. ಅಮ್ಮ ಅಫಿಡವಿಟ್ಟಿಗೆ ಒಪ್ಪಿದಳು. ಆದರೆ ಹಾಸಿಗೆ ಹಾಸುವಾಗ ನನಗೊಂದು ವಿಷಯ ಹೊಳೆಯಿತು. ನಮ್ಮ ಮನೆಯಲ್ಲಿ ಹೇಳಲು ಅತಿ ಕಷ್ಟವಾದದ್ದು ಮೊಟ್ಟೆ. ಅಮ್ಮ ಅದನ್ನು ಅಜ್ಜಿಯ ಎದುರು, ಊಟದ ನಡುವೆ, ವಿವರವಾಗಿ ಹೇಳಿದಳು. ಸುಲಭವಾಗಿ ಹೇಳಬಹುದಾದದ್ದು ಎಣ್ಣೆನೀರಿನ ವಿಷಯ. ಅದನ್ನು ಅರ್ಧ ವಾಕ್ಯದಲ್ಲಿ ದಾಟಿದ್ದಳು. ಇದಕ್ಕೆ ಮೊದಲಿನ ನಾನಾಗಿದ್ದರೆ ಇದನ್ನು ಗಮನಿಸುತ್ತಿರಲಿಲ್ಲ. ಆ ವಾರ ನಾನು ಎಲ್ಲರ ಮಾತನ್ನೂ ಎಕ್ಸ್‌ರೇ ಹಿಡಿದಂತೆ ಬೆಳಕಿಗೆ ಹಿಡಿಯುತ್ತಿದ್ದೆ.

ಎಣ್ಣೆನೀರು ಹಾಕುವುದನ್ನು ನೀವು ನೋಡಿರಬಹುದು. ಬಚ್ಚಲಲ್ಲಿ ಮಣೆ ಹಾಕಿ, ಕಾಲು ಚಾಚಿ ಕೂತು, ಕಾಲಿನ ಮೇಲೆ ಕೂಸನ್ನು ಮಲಗಿಸಿಕೊಂಡು ಹರಳೆಣ್ಣೆ ತಿಕ್ಕುತ್ತಾರೆ. ಆಮೇಲೆ ಎರಡೂ ಕೈಗಳನ್ನು ಎದೆಯ ಮೇಲೆ ಕತ್ತರಿ ಮಾಡಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯುತ್ತಾರೆ. ಕೀಲು ಸಡಿಲವಾಗಲಿ ಎಂದು. ಊರಿಗೊಬ್ಬರೋ ಇಬ್ಬರೋ ಅದನ್ನು ಚೆನ್ನಾಗಿ ಬಲ್ಲವರಿರುತ್ತಾರೆ. ಎಷ್ಟು ಎಳೆಯಬೇಕು ಎಂಬುದು ಅವರ ಬೆರಳಿಗೆ ಗೊತ್ತು.

ಹಾರನಹಳ್ಳಿಯಲ್ಲಿ ಎರೆಯುತ್ತಿದ್ದಾಕೆ ಬದುಕಿದ್ದಾಳೆಯೇ ಎಂದು ಅಮ್ಮನನ್ನು ಕೇಳಿದೆ. ಇರಲಾರಳು ಎಂದಳು. ಎರಡನೇ ಸಾಕ್ಷಿ ಇದ್ದರೆ ಒಳ್ಳೆಯದು ಎಂದೆ. ಬೇಡ ಎಂದಳು. ಆದರೂ ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ಅರಸೀಕೆರೆಗೆ ಹೋಗಿ, ಅಲ್ಲಿಂದ ಟೆಂಪೋದಲ್ಲಿ ಹಾರನಹಳ್ಳಿಗೆ ಹೋದೆ. ಅಪ್ಪನ ಅಂಗಡಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿದ್ದೆ. ಅಂದರೆ ನಾನೂ ಅಂದು ಸುಳ್ಳು ಹೇಳಿದ್ದೆ.

ಆಕೆ ಬದುಕಿದ್ದಳು. ಗುಡಿಯ ಹಿಂದಿನ ಬೀದಿಯಲ್ಲಿ, ಜಗಲಿಯ ಮೇಲೆ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನು ಯಾರ ಮಗಳೆಂದು ಹೇಳಿದ ಕೂಡಲೇ ನನ್ನ ಮುಖ ನೋಡದೆ ಬಲಗೈ ನೋಡಿದಳು. ಟಿವಿಯಲ್ಲಿ ನನ್ನನ್ನು ನೋಡುತ್ತಾಳಂತೆ. ಮೊಮ್ಮಗ ತೋರಿಸುತ್ತಾನಂತೆ. ಆ ಕೈಯಿಂದ ಅಷ್ಟೊಂದು ಜನ ಔಟಾಗುತ್ತಾರಲ್ಲ ಎಂದು ತನಗೆ ಬೆರಗು ಎಂದಳು. ನಾನು ಬಂದ ಕಾರಣ ಹೇಳಿದೆ. ಅವತ್ತು ಏನಾಯಿತೆಂದು ನೆನಪಿದೆಯೇ ಎಂದು ಕೇಳಿದೆ.

"ನೆನಪೈತೆ ಕಣವ್ವ. ನಾನು ಅವತ್ತು ಬರ್ಲೇ ಇಲ್ಲ."

ಹುಣಸೆಬೀಜವನ್ನು ತಟ್ಟೆಗೆ ಹಾಕುತ್ತಾ ಹೇಳಿದಳು. ಆಕೆಯ ಅಣ್ಣ ತೀರಿಕೊಂಡು ಮೂರು ದಿನವಾಗಿತ್ತು. ಸೂತಕ ಇರುವಾಗ ಬಾಣಂತಿಯ ಬಚ್ಚಲಿಗೆ ಬರುವುದು ಬೇಡ ಎಂದು ಅಮ್ಮನ ತವರಿನಿಂದಲೇ ಹೇಳಿ ಕಳಿಸಿದ್ದರು. ಹತ್ತು ದಿನ ಕಳೆದ ಮೇಲೆ ಆಕೆ ಹೋದರೆ ಬಾಗಿಲಲ್ಲೇ ನಿಲ್ಲಿಸಿ, ಇನ್ನು ಬೇಡ ಎಂದರು. ಅಷ್ಟರಲ್ಲಿ ಸುತ್ತಲ ನಾಲ್ಕಾರು ಮನೆಗಳಲ್ಲಿ ಮಾತು ಹಬ್ಬಿತ್ತು.

"ಕೂಸಿನ ಕೈ ಮುರ್ದೋಳು ಅಂದ್ರು. ಆಮ್ಯಾಕೆ ಯಾವ ಬಾಣಂತಿ ಮನೇರೂ ಕರೀಲಿಲ್ಲ. ನಾನೂ ಯಾರ್ತಾವೂ ಕೇಳಕ್ಕೋಗಲಿಲ್ಲ."

ಹಾಗಾದರೆ ಎರೆದವರು ಯಾರು ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ. ಆ ಮನೆಯಲ್ಲಿ ಆಗ ಇದ್ದವರು ಇಬ್ಬರೇ ಹೆಂಗಸರು, ಅಮ್ಮ ಮತ್ತು ಅಮ್ಮನ ತಾಯಿ. ಆ ಅಜ್ಜಿ ಹೋಗಿ ಬಹಳ ವರ್ಷವಾಯಿತು. ಅವಳಿಗೆ ಸೊಂಟ ಬಗ್ಗಿಸಲು ಆಗುತ್ತಿರಲಿಲ್ಲವೆಂದು ಅಮ್ಮನೇ ಎಷ್ಟೋ ಸಲ ಹೇಳಿದ್ದಾಳೆ.

ಟೆಂಪೋಗೆ ಕಾಯುತ್ತಾ ನಿಂತಾಗ ನಾನು ಆ ಮುದುಕಿಯನ್ನೂ ಅನುಮಾನಿಸಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಮುರಿದವಳು ಆಕೆಯೇ ಆಗಿದ್ದರೂ ಬರಲಿಲ್ಲ ಎಂದೇ ಹೇಳುತ್ತಿದ್ದಳಲ್ಲವೇ. ಅಣ್ಣನ ಸೂತಕ ಎಂಬುದು ಇಷ್ಟು ವರ್ಷಗಳಲ್ಲಿ ತಾನಾಗಿಯೇ ಕಟ್ಟಿಕೊಂಡ ಕತೆಯೂ ಇರಬಹುದು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದರು. ಇಬ್ಬರಿಗೂ ಕಾರಣವಿತ್ತು. ಒಬ್ಬಳು ನನ್ನ ತಾಯಿ.

ಮಾರನೆಯ ದಿನ ಅಮ್ಮನೂ ನಾನೂ ಬೇಲೂರಿಗೆ ಹೊರಟೆವು, ನೋಟರಿಯ ಹತ್ತಿರ. ಅಮ್ಮ ಹೇಳಿದ್ದನ್ನು ಅವಳ ಮಾತಿನಲ್ಲೇ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೆ. ಬಸ್ಸಿನಲ್ಲಿ ಕಿಟಕಿಯ ಕಡೆ ಅಮ್ಮ. ಹಳೇಬೀಡು ದಾಟಿದ ಮೇಲೆ ನಾನು ಹಾರನಹಳ್ಳಿಗೆ ಹೋಗಿದ್ದೆ ಎಂದು ಹೇಳಿದೆ. ಮುದುಕಿ ಹೇಳಿದ್ದನ್ನು, ಒಂದೂ ಮಾತು ಸೇರಿಸದೆ, ಬಿಡದೆ ಹೇಳಿದೆ. ಅಮ್ಮ ಕಿಟಕಿಯಿಂದ ಆಚೆ ನೋಡುತ್ತಿದ್ದಳು. ಮುಂದಿನ ಸೀಟಿನಲ್ಲಿ ಒಬ್ಬಾಕೆ ಹಾಲಿನ ಕ್ಯಾನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಮಾಡುತ್ತಿದ್ದಳು. ಅಮ್ಮ ಒಂದೇ ಮಾತು ಕೇಳಿದಳು, "ನಿನಗೆ ಮೂಳೆ ಮುರಿದದ್ದು ಯಾವಾಗ ಅಂತ ತಾನೇ ಬೇಕಾಗಿರೋದು?"

ಹೌದು, ಅಷ್ಟೇ ಬೇಕಾಗಿತ್ತು. ಯಾರು ಎಳೆದರು ಎಂಬುದು ನನ್ನ ಆಟಕ್ಕೆ ಬೇಕಿರಲಿಲ್ಲ. ಎರೆಯುವವಳು ಎಂದು ಬರೆದರೆ ಯಾರೂ ಹಾರನಹಳ್ಳಿಗೆ ಹೋಗಿ ವಿಚಾರಿಸುತ್ತಿರಲಿಲ್ಲ. ಆದರೆ ಒಂದು ಸುಳ್ಳು ಸಾಲು ಎಂಟು ವರ್ಷ ಕಡತದಲ್ಲಿ ಕೂತು ನನಗೆ ಏನು ಮಾಡಿತೆಂದು ನೋಡಿದ್ದೆ. ಹಾಳೆ ತೆಗೆದು, ಎರೆಯುವವಳು ಎಂಬ ಪದವನ್ನು ಹೊಡೆದುಹಾಕಿ, ಅಲ್ಲಿ ಜಾಗ ಬಿಟ್ಟೆ. ಅಮ್ಮನಿಗೆ ತೋರಿಸಿದೆ. ಅವಳು ನೋಡಿ, ಮತ್ತೆ ಕಿಟಕಿಯ ಕಡೆ ತಿರುಗಿದಳು.

ನೋಟರಿಯ ಕೋಣೆಯ ಹೊರಗೆ ಟೈಪ್ ಮಾಡುವವನು ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದ. ಕನ್ನಡಕ ಏರಿಸಿಕೊಂಡು ನನ್ನ ಕೈಬರಹ ನೋಡಿ ಬೇಗ ಬೇಗ ಹೊಡೆಯುತ್ತಾ ಬಂದ. ಊರು, ತಿಂಗಳು, ಬಲಗೈ, ಕಟ್ಟು. ಬಿಟ್ಟ ಜಾಗಕ್ಕೆ ಬಂದು ನಿಲ್ಲಿಸಿದ.

"ಇಲ್ಲಿ ಖಾಲಿ ಬಿಟ್ಟಿದ್ದೀರಲ್ಲ. ಕೂಸಿಗೆ ಎರೀತಿದ್ದೋರು ಯಾರು? ಖಾಲಿ ಬಿಟ್ರೆ ಸಾಹೇಬ್ರು ಸಹಿ ಹಾಕಲ್ಲ ಕಣಮ್ಮ."

ನನ್ನ ಮುಂದಿನ ಪ್ರವಾಸ ಆ ಜಾಗದಲ್ಲಿ ಸಿಕ್ಕಿಕೊಂಡಿತ್ತು. ಅಮ್ಮ ಅವನ ಬೆರಳುಗಳನ್ನೇ ನೋಡುತ್ತಾ, ದರ್ಜಿಗೆ ರವಿಕೆಯ ಅಳತೆ ಹೇಳುವ ದನಿಯಲ್ಲಿ ಹೇಳಿದಳು.

"ನಾನೇ. ನಾನೇ ಎರೀತಿದ್ದೆ ಅಂತ ಹಾಕಿ. ಎಳೆದದ್ದು ಜಾಸ್ತಿ ಆಯ್ತು ಅಂತಾನೂ ಹಾಕಿ."

ಅವನು ಹಾಕಿದ. ಅಮ್ಮ ಸಹಿ ಮಾಡಿದಳು. ನೋಟರಿ ಎರಡು ಸಲ ಓದಿ ಮುದ್ರೆ ಒತ್ತಿದರು.

ಹೊರಗೆ ಬಂದು, ಬಸ್ ನಿಲ್ದಾಣದ ಕಡೆ ನಡೆಯುವಾಗ ನಾನು ಕೇಳಿದೆ, "ಅಮ್ಮ, ಅದು ನಿಜಾನಾ?"

"ಇನ್ನು ನಿನ್ನನ್ನ ಆಡಕ್ಕೆ ಬಿಡ್ತಾರಲ್ಲ?"

"ನಾನು ಕೇಳಿದ್ದು ಅದಲ್ಲ."

"ನಾನು ಹೇಳಿದ್ದು ಅಲ್ಲೇ ಬರೆದೈತಲ್ಲ. ಸಹಿ ಬೇರೆ ಮಾಡಿದ್ದೀನಿ," ಎಂದು ಅಮ್ಮ ಮುಂದೆ ಹೋದಳು.

ನಾನು ಎರಡು ಪ್ರತಿ ಮಾಡಿಸಿದ್ದೆ. ಬಸ್ಸಿನಲ್ಲಿ ಅಮ್ಮ ಅದನ್ನು ಗಮನಿಸಿ, ಇನ್ನೊಂದು ಯಾರಿಗೆ ಎಂದು ಕೇಳಿದಳು. ಹಾರನಹಳ್ಳಿಯ ಆ ಮುದುಕಿಗೆ ಎಂದೆ. ಅವಳು ಕೈ ಚಾಚಿದಳು. ಕೊಟ್ಟೆ. ನಾಲ್ಕು ಮಡಿಕೆ ಮಾಡಿ ತನ್ನ ಚೀಲದೊಳಗೆ ಇಟ್ಟುಕೊಂಡು, "ನಾನೇ ಕೊಟ್ಟು ಬತ್ತೀನಿ. ನೀನು ಹೋಗಬೇಡ," ಎಂದಳು.

ಪರೀಕ್ಷೆ ಮುಂದಿನ ವಾರ ಆಯಿತು. ಮೈಗೆಲ್ಲ ಹೊಳೆಯುವ ಗುಂಡಿಗಳನ್ನು ಅಂಟಿಸಿ, ಸುತ್ತ ಕ್ಯಾಮೆರಾ ಇಟ್ಟು, ಓವರುಗಟ್ಟಲೆ ಬೌಲ್ ಮಾಡಿಸಿದರು. ಕೈ ಡೊಂಕಾಗಿಯೇ ಬರುತ್ತದೆ, ಡೊಂಕಾಗಿಯೇ ಹೋಗುತ್ತದೆ, ನೆಟ್ಟಗಾಗುವುದು ಮಿತಿಯೊಳಗಿದೆ ಎಂದು ವರದಿ ಬಂತು. ಅಫಿಡವಿಟ್ಟನ್ನೂ ಒಪ್ಪಿಕೊಂಡರು. ಹಿಂದಿನ ಹೇಳಿಕೆ ಆಟಗಾರ್ತಿಗೆ ತಿಳಿಯದೆ ಆದ ತಪ್ಪು ಎಂದು ಬರೆದರು. ಪ್ರವಾಸದ ಪಟ್ಟಿಯಲ್ಲಿ ನನ್ನ ಹೆಸರು ಬಂತು. ವಿಡಿಯೋ ಹಿಡಿಯುತ್ತಿದ್ದ ಜೊತೆಗಾತಿಯೇ ಮೊದಲು ಫೋನ್ ಮಾಡಿ ತಿಳಿಸಿದ್ದು. ಅವಳ ಸಂತೋಷ ನಿಜವೇ ಎಂದು ನಾನು ಒಂದು ಕ್ಷಣ ಕಿವಿಗೊಟ್ಟು ಕೇಳಿದೆ. ಆಮೇಲೆ ನನ್ನ ಮೇಲೆ ನನಗೇ ಬೇಸರವಾಯಿತು.

ಈಗಲೂ ಆಡುತ್ತಿದ್ದೇನೆ. ಅಂಪೈರು ಯಾರೂ ಮತ್ತೆ ಬರೆದಿಲ್ಲ. ಆದರೂ ರನ್ ಅಪ್ ಶುರು ಮಾಡುವ ಮೊದಲು ಪಕ್ಕದಿಂದ ಕೈ ನೋಡುವ ಸ್ಕ್ವೇರ್ ಲೆಗ್ ಅಂಪೈರು ಎಲ್ಲಿ ನಿಂತಿದ್ದಾರೆ ಎಂದು ನೋಡುತ್ತೇನೆ. ಮೊದಲು ನೋಡುತ್ತಿರಲಿಲ್ಲ.

ಅಮ್ಮ ಬೇಲೂರಿನಲ್ಲಿ ಹೇಳಿದ್ದು ನಿಜವೇ, ಅಥವಾ ಸಹಿ ಬೀಳಲಿ ಎಂದು, ನಾನು ಮತ್ತೆ ಆಡಲಿ ಎಂದು ಹೇಳಿದ್ದೇ ಎಂಬುದು ನನಗೆ ಗೊತ್ತಿಲ್ಲ. ಎರಡೂ ಅವಳು ಮಾಡಬಲ್ಲ ಕೆಲಸ. ಆ ಪ್ರತಿ ಹಾರನಹಳ್ಳಿ ಮುಟ್ಟಿತೇ ಎಂಬುದೂ ಗೊತ್ತಿಲ್ಲ. ಅಮ್ಮ ಕೊಟ್ಟೆ ಎಂದು ಹೇಳಿಲ್ಲ, ನಾನು ಕೇಳಿಲ್ಲ. ಕಳೆದ ತಿಂಗಳು ಅರಸೀಕೆರೆಯಿಂದ ಹಾಸನಕ್ಕೆ ಹೋಗುವಾಗ ಬಸ್ಸು ಹಾರನಹಳ್ಳಿಯಲ್ಲಿ ನಿಂತಿತು. ಕಂಡಕ್ಟರ್ ಇಳಿಯುವವರು ಇಳಿಯಿರಿ ಎಂದು ಎರಡು ಸಲ ಕೂಗಿದ. ಗುಡಿಯ ಹಿಂದಿನ ಬೀದಿಗೆ ಅಲ್ಲಿಂದ ಐದು ನಿಮಿಷದ ದಾರಿ. ನಾನು ಕೂತೇ ಇದ್ದೆ.